ಹೆಡ್ ಕ್ರ್ಯಾಕ್ ಆಗಿದೆ, ರಿಪೇರಿ ಆಗುತ್ತಾ? ಇಂಜಿನ್ ಬಿಚ್ಚಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಲಾಸಿಪಾಳ್ಯದ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಇಂಜಿನ್ ಹೆಡ್ ಕೆಲಸ ಮಾತ್ರ ಮಾಡುತ್ತೇವೆ. ಸಿಲಿಂಡರ್‌ಗಳಿರುವ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಭಾಗವೇ ಹೆಡ್. ಗೋಣಿಚೀಲದಲ್ಲಿ ಸುತ್ತಿದ ಹೆಡ್ಡನ್ನು ಆಟೋದಿಂದ ಇಳಿಸುತ್ತಲೇ ಜನ ಕೇಳುವ ಮೊದಲ ಮಾತು, "ಇದು ರೆಡಿ ಆಗುತ್ತಾ ಸಾರ್?" ಅದಕ್ಕೆ ಅಲ್ಲೇ ನಿಂತು ಹೌದು, ಇಲ್ಲ ಅನ್ನಲು ಬರುವುದಿಲ್ಲ. ಬಿರುಕು ಎಲ್ಲಿದೆ, ಎಷ್ಟಿದೆ ಅನ್ನುವುದು ಟೆಸ್ಟ್ ಮಾಡಿದ ಮೇಲೆ ತಿಳಿಯುತ್ತದೆ. ಯಾಕೆ ಬಂತು ಅನ್ನುವುದು ಗಾಡಿಯಲ್ಲೇ ಹುಡುಕಬೇಕು. ಆ ಕಾರಣ ಸಿಗದೆ ಬಿರುಕು ಮಾತ್ರ ಮುಚ್ಚಿದರೆ ಅದು ಮತ್ತೆ ಬಾಯಿ ಬಿಡುತ್ತದೆ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಬಿರುಕಿನಷ್ಟೇ ಬಿಸಿಯ ಮಾತೂ ಇದೆ.

ಹೋಗಿರುವುದು ಹೆಡ್ಡಾ, ಗ್ಯಾಸ್ಕೆಟ್ಟಾ? ಬಿಚ್ಚುವ ಮೊದಲೇ ಹೇಳಬಹುದಾ?

ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆಯೇ ಗ್ಯಾಸ್ಕೆಟ್. ಹೊರಗಿನಿಂದ ಎರಡರ ಲಕ್ಷಣವೂ ಒಂದೇ. ನೀರು ಎಲ್ಲೂ ಸೋರುತ್ತಿಲ್ಲ, ಆದರೂ ದಿನಾ ಕಡಿಮೆ ಆಗುತ್ತಿರುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ, ಕೂಲಂಟ್ ಹಾಕಿದ್ದರೆ ಅದರಲ್ಲಿ ಸ್ವಲ್ಪ ಸಿಹಿ ವಾಸನೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಜಾಸ್ತಿ ಆದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಬೆಳಿಗ್ಗೆ ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಅದುಮಿ ನೋಡಿ. ಆಗಲೇ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ನೀರು ಕಾದು ಆದದ್ದಲ್ಲ. ಸಿಲಿಂಡರ್ ಒಳಗಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ನೀಲಿ ದ್ರಾವಣ ಸಿಗುತ್ತದೆ. ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ಅದರೊಳಗೆ ಹಾಯಿಸುತ್ತಾರೆ. ಸುಟ್ಟ ಗ್ಯಾಸ್ ಇದ್ದರೆ ನೀಲಿ ಹೋಗಿ ಹಳದಿ ಆಗುತ್ತದೆ. ಗ್ಯಾಸ್ ಬರುತ್ತಿದೆ ಅಂತ ಅದು ಹೇಳುತ್ತದೆ, ಗ್ಯಾಸ್ಕೆಟ್‌ನಿಂದ ಬರುತ್ತಿದೆಯೋ ಬಿರುಕಿನಿಂದಲೋ ಹೇಳುವುದಿಲ್ಲ. ಅದಕ್ಕೆ ಹೆಡ್ ಇಳಿಸಲೇಬೇಕು.

ಆದರೆ ಆಯಿಲ್ ಹಾಕುವ ಕ್ಯಾಪಿನ ಒಳಗೆ ಸ್ವಲ್ಪ ಬಿಳಿ ನೊರೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ದಿನಾ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಮಳೆಗಾಲದಲ್ಲಿ ತೇವ ಕಟ್ಟಿ ಹಾಗಾಗುವುದುಂಟು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಶುದ್ಧವಾಗಿದ್ದು, ನೀರೂ ಕಡಿಮೆ ಆಗದಿದ್ದರೆ ಹೆಡ್ ಇಳಿಸಬೇಡಿ.

ಇಷ್ಟು ದಪ್ಪ ಲೋಹ ಬಿರುಕು ಬಿಡುವುದಾದರೂ ಹೇಗೆ?

ಹೊರಗಿನಿಂದ ನೋಡಿದರೆ ದಪ್ಪ. ಒಳಗೆಲ್ಲ ಟೊಳ್ಳು, ನೀರು ಹರಿಯುವ ದಾರಿ. ಇಂಟೇಕ್ ವಾಲ್ವ್ ಮತ್ತು ಎಕ್ಸಾಸ್ಟ್ ವಾಲ್ವ್ ಸೀಟುಗಳ (ವಾಲ್ವ್ ಕೂತು ಮುಚ್ಚುವ ಬಳೆಗಳ) ನಡುವೆ ಇರುವ ಪಟ್ಟಿ ಬೆರಳಿನಷ್ಟೂ ಅಗಲ ಇರುವುದಿಲ್ಲ. ಅದರ ಒಂದು ಕಡೆ ತಣ್ಣನೆ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಕಡೆ ಸುಟ್ಟ ಗ್ಯಾಸ್ ಹೊರಗೆ ಹೋಗುತ್ತದೆ. ಹೆಡ್ಡಿನಲ್ಲಿ ಇದೇ ಅತಿ ಬಿಸಿ ಜಾಗ, ಬಿರುಕು ಜಾಸ್ತಿ ಕಾಣುವುದೂ ಇಲ್ಲೇ. ಡೀಸೆಲ್‌ನಲ್ಲಿ ವಾಲ್ವ್ ಸೀಟಿನಿಂದ ಇಂಜೆಕ್ಟರ್ ತೂತಿನ ಕಡೆಗೆ, ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್ ತೂತಿನ ಕಡೆಗೆ ಗೆರೆ ಹೊರಡುತ್ತದೆ.

ಇನ್ನೊಂದು ಲೆಕ್ಕ ನೋಡಿ. ಅಲ್ಯೂಮಿನಿಯಂ ಬಿಸಿಗೆ ಬೀಡಿಗಿಂತ (ಎರಕದ ಕಬ್ಬಿಣಕ್ಕಿಂತ) ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಅಲ್ಯೂಮಿನಿಯಂ ಹೆಡ್ 80 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಮುಕ್ಕಾಲು ಮಿ.ಮೀ. ಉದ್ದವಾಗಬೇಕು. ಕೆಳಗಿರುವ ಬೀಡಿನ ಬ್ಲಾಕ್ ಅದರ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಎರಡನ್ನೂ ಬೋಲ್ಟ್ ಹಿಡಿದು ಕಟ್ಟಿದೆ. ಮಾಮೂಲಿ ಬಿಸಿಯಲ್ಲಿ ಇದನ್ನೆಲ್ಲ ಲೆಕ್ಕ ಹಾಕಿಯೇ ಇಂಜಿನ್ ಮಾಡಿರುತ್ತಾರೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದ ಮೇಲೂ ಓಡಿಸಿದರೆ ಆ ಲೆಕ್ಕ ತಪ್ಪುತ್ತದೆ. ಹೆಡ್ ಬೆಂಡ್ ಆಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ, ಕೆಲವು ಸಲ ಎರಡೂ.

ದಾರಿಯಲ್ಲಿ ಹೀಟ್ ಆಯಿತು. ನೀರು ಹಾಕಿದೆ. ಅದೇ ತಪ್ಪಾಯಿತಾ?

ನೀರು ಹಾಕಿದ್ದು ತಪ್ಪಲ್ಲ, ಕಾದಿರುವಾಗಲೇ ಹಾಕಿದ್ದು ತಪ್ಪು. ಕಾದ ಹಂಚಿನ ಮೇಲೆ ತಣ್ಣೀರು ಚೆಲ್ಲಿದ ಹಾಗೆ. ಒಳಗೆ ಬೆಂಕಿಯಂತಿರುವ ಲೋಹ ಒಂದು ಕಡೆ ಮಾತ್ರ ದಿಢೀರ್ ಕುಗ್ಗುತ್ತದೆ, ಅಲ್ಲೇ ಸೀಳುತ್ತದೆ. ಶಿರಾಡಿ ಘಾಟಿ ಹತ್ತಿ ಬಂದ ಎಷ್ಟೋ ಟೆಂಪೊಗಳ ಕಥೆ ಇದು. ಹೀಟ್ ಆದದ್ದು ಘಾಟಿಯಲ್ಲಿ. ಹೆಡ್ ಒಡೆದದ್ದು ಮೇಲೆ ಬಂದು, ತೊರೆ ಪಕ್ಕ ನಿಲ್ಲಿಸಿ ಕೊಡದಲ್ಲಿ ನೀರು ಸುರಿದಾಗ.

ಮುಳ್ಳು ಮೇಲೆ ಹೋಗುತ್ತಿದೆ ಅಂದ ತಕ್ಷಣ ಏಸಿ ಆಫ್ ಮಾಡಿ, ಇಂಜಿನ್ನಿನ ಬಿಸಿ ಎಳೆದುಕೊಳ್ಳಲಿ ಅಂತ ಒಳಗಿನ ಹೀಟರ್ ಪೂರ್ತಿ ಆನ್ ಮಾಡಿ, ಪಕ್ಕಕ್ಕೆ ಹಾಕಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿದ್ದೀರಾ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. "ಇನ್ನೊಂದೇ ಸಿಗ್ನಲ್, ಮನೆ ಹತ್ತಿರವೇ ಇದೆ" ಅಂತ ಎಳೆದುಕೊಂಡು ಹೋದ ಆ ಎರಡು ಕಿಲೋಮೀಟರ್ ಅತಿ ದುಬಾರಿ. ಇಂಜಿನ್ ಆಫ್ ಮಾಡಿ. ಅರ್ಧ ಮುಕ್ಕಾಲು ಗಂಟೆ ಬಿಡಿ. ಹೋಸ್ ಕೈಯಲ್ಲಿ ಮುಟ್ಟುವಷ್ಟು ತಣ್ಣಗಾಗುವವರೆಗೆ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಕ್ಯಾಪ್ ತಿರುಗಿಸಿದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ. ಹಾಗೆ ಸುಟ್ಟುಕೊಂಡ ಕೈಗಳನ್ನು ನಾನು ನೋಡಿದ್ದೇನೆ, ದಯವಿಟ್ಟು ಅವಸರ ಮಾಡಬೇಡಿ.

ಬೋರ್‌ವೆಲ್ ನೀರು ಹಾಕಿದರೆ ಏನಾಗುತ್ತೆ? ನೀರು ನೀರೇ ಅಲ್ವಾ?

ಅಲ್ಲ. ಬೋರ್‌ವೆಲ್ ನೀರು ಕಾಯಿಸುವ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ಹೆಡ್ ಒಳಗೂ ಅದೇ ಪದರ ಕಟ್ಟುತ್ತದೆ, ಅದೂ ಅತಿ ಬಿಸಿ ಇರುವ ಜಾಗದಲ್ಲೇ ಮೊದಲು. ಆ ಪದರ ಬಿಸಿಯನ್ನು ನೀರಿಗೆ ದಾಟಿಸುವುದಿಲ್ಲ. ನೀರಿನ ಮುಳ್ಳು ಸರಿಯಾಗೇ ತೋರಿಸುತ್ತಿರುತ್ತದೆ, ವಾಲ್ವ್ ಪಕ್ಕದ ಲೋಹ ಮಾತ್ರ ಸುಡುತ್ತಿರುತ್ತದೆ. ಟ್ಯಾಂಕರ್ ನೀರನ್ನೇ ವರ್ಷಗಟ್ಟಲೆ ಹಾಕಿದ ಒಂದು ಹೆಡ್ ನಮ್ಮಲ್ಲಿಗೆ ಬಂದಿತ್ತು. ನೀರಿನ ತೂತುಗಳಿಗೆ ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಸುಣ್ಣದ ಗೋಡೆ ಕೆರೆದ ಹಾಗೆ ಚೂರು ಚೂರು ಉದುರಿತು. ಎರಡು ತೂತು ಪೂರ್ತಿ ಮುಚ್ಚಿಹೋಗಿದ್ದವು. ಬಿರುಕು ಇದ್ದದ್ದು ಸರಿಯಾಗಿ ಆ ಎರಡು ತೂತಿನ ಪಕ್ಕದ ಸಿಲಿಂಡರ್‌ನಲ್ಲಿ.

ಕಾವೇರಿ ನೀರು ಬೋರ್ ನೀರಿಗಿಂತ ವಾಸಿ. ಆದರೂ ಅದು ಇಂಜಿನ್ನಿಗಲ್ಲ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿ. ನಮ್ಮ ಊರಲ್ಲಿ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಮತ್ತೆ ಕೂಲಂಟ್ ಯಾಕೆ ಅಂತ ಕೇಳುತ್ತಾರೆ. ತುಕ್ಕು ತಡೆಯುವುದು ಅದೇ, ಬೇಗ ಕುದಿಯದಂತೆ ನೋಡಿಕೊಳ್ಳುವುದೂ ಅದೇ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ರೇಡಿಯೇಟರ್ ಕ್ಯಾಪ್ ಸಡಿಲ ಇರಬಾರದು. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆ ಕ್ಯಾಪ್ ಇದ್ದರೆ ಬರೀ ನೀರು ಕೂಡ 115 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದ ಕ್ಯಾಪ್ ಇದ್ದರೆ ಆ ರಕ್ಷಣೆ ಅಷ್ಟೂ ಹೋಯಿತು.

ಹೆಡ್ ಇಳಿಸುವಾಗ ಏನು ನೋಡಿಕೊಳ್ಳಬೇಕು?

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೋಲ್ಟುಗಳನ್ನು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ನಡುವಿನದನ್ನೇ ಮೊದಲು ಪೂರ್ತಿ ಬಿಚ್ಚಿದರೆ ಸರಿ ಇದ್ದ ಹೆಡ್ ಕೂಡ ಬೆಂಡ್ ಆಗಬಹುದು. ಅಂಟಿಕೊಂಡಿದೆ ಅಂತ ಹೆಡ್ ಮತ್ತು ಬ್ಲಾಕ್ ನಡುವೆ ಉಳಿ ಹಾಕಿ ಎಬ್ಬಬೇಡಿ. ಆ ಒಂದು ಗಾಯಕ್ಕೆ ಇಡೀ ಮುಖವನ್ನು ಮೆಷಿನ್‌ನಲ್ಲಿ ಹೆರೆದು ಸಮ ಮಾಡಬೇಕಾಗುತ್ತದೆ.

ಕಣ್ಣಿಗೆ ಏನೂ ಕಾಣುತ್ತಿಲ್ಲ. ಆದರೂ ಟೆಸ್ಟ್ ಬೇಕಾ?

ಬೇಕು. ಈ ಕೆಲಸದಲ್ಲಿ ನಾನು ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ತಣ್ಣಗಿರುವಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಬಿಸಿಯಾದಾಗ ಮಾತ್ರ ಬಾಯಿ ಬಿಡುತ್ತದೆ. ಮೇಜಿನ ಮೇಲಿಟ್ಟು ಟಾರ್ಚ್ ಹಾಕಿ ನೋಡಿದರೆ ಏನು ಗೊತ್ತಾಗಬೇಕು?

ಪ್ರೆಶರ್ ಟೆಸ್ಟ್ ಹೀಗೆ ಮಾಡುತ್ತೇವೆ. ಹೆಡ್ಡಿನ ನೀರಿನ ತೂತುಗಳಿಗೆಲ್ಲ ರಬ್ಬರ್ ಹಾಕಿ, ಮೇಲೆ ಪ್ಲೇಟ್ ಬಿಗಿದು ಮುಚ್ಚುತ್ತೇವೆ. ಒಂದು ತೂತಿನಿಂದ ಗಾಳಿ ಕೊಡುತ್ತೇವೆ, ಮೂರು ನಾಲ್ಕು ಬಾರ್. ಆಮೇಲೆ ಇಡೀ ಹೆಡ್ಡನ್ನು 70-80 ಡಿಗ್ರಿ ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಮುಳುಗಿಸಿದ ತಕ್ಷಣ ಮೂಲೆ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಅಂತ ಮೇಲೆ ಬರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೆಡ್ ನೀರಿನಷ್ಟೇ ಬಿಸಿ ಆಗುವವರೆಗೆ ಕಾಯಬೇಕು. ಹದಿನೈದು ಇಪ್ಪತ್ತು ನಿಮಿಷ ಕಳೆದ ಮೇಲೆ ನೀರು ನಿಶ್ಚಲವಾಗುತ್ತದೆ. ಆಗ ನೋಡಬೇಕು. ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ಸೀಟ್ ಪಕ್ಕದಿಂದ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ನಿಲ್ಲುತ್ತದೆ. ನಾಲ್ಕೈದು ಸೆಕೆಂಡ್ ಬಿಟ್ಟು ಅದೇ ಜಾಗದಿಂದ ಇನ್ನೊಂದು. ಬಿರುಕು ಅಲ್ಲಿದೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇವೆ.

ಎಷ್ಟು ಉದ್ದ ಹೋಗಿದೆ ಅಂತ ನೋಡಲು ಡೈ ಟೆಸ್ಟ್. ಜಾಗ ಚೆನ್ನಾಗಿ ತೊಳೆದು ಕೆಂಪು ಡೈ ಸ್ಪ್ರೇ ಮಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯುತ್ತಾರೆ. ಒಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡಿ ಬರುತ್ತದೆ. ಬೀಡಿನ ಹೆಡ್ಡಿಗೆ ಆಯಸ್ಕಾಂತ ಇಟ್ಟು ಕಬ್ಬಿಣದ ಪುಡಿ ಹಾಕಿ ನೋಡುವುದೂ ಇದೆ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆ ಡೈ ಟೆಸ್ಟೇ ಮಾಡುತ್ತೇವೆ.

ಎರಡು ವಾಲ್ವ್ ನಡುವೆ ಕೂದಲೆಳೆಯಷ್ಟು ಗೆರೆ ಇದೆ. ಹೆಡ್ ಬಿಸಾಡಲಾ?

ಅವಸರ ಬೇಡ. ಕೆಲವು ಡೀಸೆಲ್ ಹೆಡ್ಡುಗಳಲ್ಲಿ ಸೀಟುಗಳ ನಡುವಿನ ಸಣ್ಣ ಮೇಲ್ಮೈ ಗೆರೆ ಇಷ್ಟರವರೆಗೆ ಇರಬಹುದು ಅಂತ ಕಂಪನಿಯ ಮ್ಯಾನ್ಯುಯಲ್ಲೇ ಹೇಳುತ್ತದೆ. ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್ ನೋಡಿ. ಗೆರೆ ನೀರಿನ ದಾರಿಗೆ ತಲುಪಿಲ್ಲ, ಸೀಟ್ ಸಡಿಲ ಆಗಿಲ್ಲ, ಪ್ರೆಶರ್ ಟೆಸ್ಟ್‌ನಲ್ಲಿ ಗುಳ್ಳೆ ಇಲ್ಲ, ಅಳತೆಯೂ ಮಿತಿಯೊಳಗೆ ಇದೆ ಅಂದರೆ ಅದನ್ನು ಹಾಗೇ ಬಿಡಬಹುದು. ಸುಮ್ನೆ ವೆಲ್ಡಿಂಗ್ ಮಾಡಿ ಒಳ್ಳೆ ಜಾಗವನ್ನೂ ಕೆಡಿಸುವುದು ಯಾಕೆ? ಮ್ಯಾನ್ಯುಯಲ್‌ನಲ್ಲಿ ಅವಕಾಶ ಇಲ್ಲದಿದ್ದರೆ ಮಾತ್ರ ಗೆರೆ ಎಷ್ಟೇ ಸಣ್ಣದಾದರೂ ಬಿಡಬೇಡಿ.

ಅಲ್ಯೂಮಿನಿಯಂ ಹೆಡ್ ವೆಲ್ಡಿಂಗ್ ನಿಲ್ಲುತ್ತಾ?

ಸರಿಯಾಗಿ ಮಾಡಿದರೆ ನಿಲ್ಲುತ್ತದೆ. ಕೆಲಸ ಕೆಡುವುದು ಜಾಸ್ತಿ ವೆಲ್ಡಿಂಗ್‌ನಲ್ಲಲ್ಲ, ಅದಕ್ಕೆ ಮೊದಲಿನ ತಯಾರಿಯಲ್ಲಿ.

ಮೊದಲು ಎಲ್ಲ ಬಿಚ್ಚಬೇಕು. ವಾಲ್ವ್, ಸ್ಪ್ರಿಂಗ್, ಆಯಿಲ್ ಸೀಲ್, ಬಿರುಕಿನ ಹತ್ತಿರದ ಸೀಟ್ ಕೂಡ. ತೊಳೆಯುವಾಗ ಒಂದು ಎಚ್ಚರ. ಬೀಡಿನ ಹೆಡ್ ಬೇಯಿಸುವ ಕಾಸ್ಟಿಕ್ ಸೋಡಾ ತೊಟ್ಟಿಗೆ ಅಲ್ಯೂಮಿನಿಯಂ ಹಾಕಬಾರದು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಕೊಡುವ ಮೊದಲು "ಯಾವುದರಲ್ಲಿ ತೊಳೆಯುತ್ತೀರಿ" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಬಿರುಕಿನ ಎರಡೂ ತುದಿಯಲ್ಲಿ ಸಣ್ಣ ತೂತು ಹಾಕುತ್ತಾರೆ, ಅದು ಮುಂದಕ್ಕೆ ಓಡದಿರಲಿ ಅಂತ. ನಂತರ ಬಿರುಕಿನ ಉದ್ದಕ್ಕೂ ತಗ್ಗು ಮಾಡಿ ಕೊರೆಯಬೇಕು, ಒಳ್ಳೆ ಲೋಹ ಸಿಗುವವರೆಗೆ. ಸಿಕ್ಕಿತೋ ಇಲ್ಲವೋ ಅಂತ ಮತ್ತೆ ಡೈ ಹೊಡೆದು ನೋಡಬೇಕು. ಅನೇಕರು ಬಿಡುವ ಹೆಜ್ಜೆ ಇದು. ಮೇಲೆ ಮಾತ್ರ ತುಂಬಿ, ಕೆಳಗೆ ಬಿರುಕು ಹಾಗೇ ಉಳಿದರೆ ಅದು ವೆಲ್ಡ್ ಸೀಳಿಕೊಂಡು ಮೇಲೆ ಬರುತ್ತದೆ.

ವರ್ಷಗಟ್ಟಲೆ ಆಯಿಲ್ ಕುಡಿದ ಎರಕ ಅದು. ಬೆಂಕಿ ತಾಗಿದರೆ ಒಳಗಿನ ಆಯಿಲ್ ಹೊರಬಂದು ವೆಲ್ಡ್ ತುಂಬ ಸೂಜಿ ತೂತು ಬೀಳುತ್ತದೆ. ಹಾಗಾಗಿ ಓವನ್‌ನಲ್ಲಿಟ್ಟು ಕಾಯಿಸಬೇಕು. ಸುಮಾರು 150ರಿಂದ 200 ಡಿಗ್ರಿ ಬಿಸಿ ಇರುವಾಗಲೇ ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಮಾಡುವ ವೆಲ್ಡಿಂಗ್) ಮಾಡಬೇಕು, ಆರ್ಗಾನ್ ಗ್ಯಾಸ್‌ನಲ್ಲಿ, ಏಸಿ ಕರೆಂಟ್‌ನಲ್ಲಿ. ಏಸಿ ಯಾಕೆ ಅಂದರೆ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗಿಂತ ಜಾಸ್ತಿ ಬೇಕು. ಏಸಿ ಆ ಪೊರೆಯನ್ನು ಒಡೆಯುತ್ತದೆ. ರಾಡ್ ಸಾಮಾನ್ಯವಾಗಿ 4043 ನಂಬರಿನದು, ಅದರಲ್ಲಿ 5 ಶೇಕಡಾ ಸಿಲಿಕಾನ್ ಇರುತ್ತದೆ. ವೆಲ್ಡ್ ಆದ ಮೇಲೆ ಫ್ಯಾನ್ ಗಾಳಿಗೆ ಇಡುವಂತಿಲ್ಲ. ಬಿಸಿ ತಡೆಯುವ ಕಂಬಳಿಯಲ್ಲಿ ಸುತ್ತಿ, ರಾತ್ರಿಯೆಲ್ಲ ತಾನಾಗೇ ಆರಲು ಬಿಡಬೇಕು. "ಸಂಜೆಯೊಳಗೆ ಕೊಡಿ" ಅಂದರೆ ನಾನು ಒಪ್ಪದಿರುವುದು ಇದಕ್ಕೇ.

ಬೀಡಿನ ಹೆಡ್ಡಿಗೂ ಇದೇ ವಿಧಾನವಾ?

ಇಲ್ಲ, ಅದರ ಸ್ವಭಾವವೇ ಬೇರೆ. ಹಳೆ ಅಂಬಾಸಿಡರ್, ಟ್ರ್ಯಾಕ್ಟರ್, ಲಾರಿಗಳ ಹೆಡ್ ಬೀಡು. ಅದರಲ್ಲಿ ಕಾರ್ಬನ್ ಜಾಸ್ತಿ. ವೆಲ್ಡ್ ಮಾಡಿ ಬೇಗ ತಣ್ಣಗಾದರೆ ಪಕ್ಕದ ಲೋಹ ಗಾಜಿನ ಹಾಗೆ ಗಟ್ಟಿ ಆಗಿ ಒಡೆಯುತ್ತದೆ. ವೆಲ್ಡ್ ಮುಗಿಸಿ ಕೈ ತೊಳೆಯುವಷ್ಟರಲ್ಲಿ "ಟಿಂಗ್" ಅಂತ ಸದ್ದು ಬರುತ್ತದೆ. ಈ ಕೆಲಸ ಮಾಡಿದವರಿಗೆ ಆ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಹೊಸ ಬಿರುಕು, ವೆಲ್ಡ್ ಪಕ್ಕದಲ್ಲೇ.

ಎರಡು ದಾರಿ ಇವೆ. ಇಡೀ ಹೆಡ್ಡನ್ನು ಭಟ್ಟಿಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸಿ, ಬೀಡಿನ ರಾಡಿನಿಂದಲೇ ಗ್ಯಾಸ್ ವೆಲ್ಡ್ ಮಾಡಿ, ಒಂದೆರಡು ದಿನ ನಿಧಾನವಾಗಿ ಆರಿಸುವುದು ಒಂದು. ಇಲ್ಲವೇ ನಿಕ್ಕಲ್ ರಾಡಿನಿಂದ ಒಂದು ಇಂಚಿನಷ್ಟು ಮಾತ್ರ ವೆಲ್ಡ್ ಎಳೆದು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಕೈ ಇಟ್ಟರೆ ತಡೆಯುವಷ್ಟು ಆರಿದ ಮೇಲೆ ಮುಂದಿನ ಇಂಚು. ತಾಳ್ಮೆ ಇಲ್ಲದವರಿಗೆ ಇದು ಆಗಿಬರುವುದಿಲ್ಲ.

ನೀರಿನ ಜಾಕೆಟ್ ಕಡೆಯ ಬಿರುಕಿಗೆ ನಾನು ಮೊದಲು ಹೇಳುವುದು ಸ್ಟಿಚಿಂಗ್. ಬೆಂಕಿಯೇ ಬೇಡ. ಬಿರುಕಿನ ಮೇಲೆ ಒಂದು ತೂತು ಹಾಕಿ, ಅದರೊಳಗೆ ಸ್ಕ್ರೂ ಕೂರುವ ಥ್ರೆಡ್ ಹಾಕಿ, ಬೀಡು ಹೊಲಿಯಲೆಂದೇ ಮಾಡಿದ ಸ್ಕ್ರೂ ಪ್ಲಗ್ ತಿರುಗಿಸಿ ಕೂರಿಸುತ್ತಾರೆ. ಮುಂದಿನ ತೂತು ಮೊದಲಿನ ಪ್ಲಗ್ಗನ್ನು ಸ್ವಲ್ಪ ಕಚ್ಚಿಕೊಂಡೇ ಬರಬೇಕು. ಹೀಗೆ ಬಿರುಕಿನ ಉದ್ದಕ್ಕೂ ಸರಪಳಿ ಹೆಣೆದ ಹಾಗೆ. ಕೊನೆಗೆ ಉಜ್ಜಿ ಸಮ ಮಾಡಿದರೆ ಜಾಗ ಹುಡುಕುವುದೂ ಕಷ್ಟ.

ಎಂ-ಸೀಲ್ ಅಥವಾ ರೇಡಿಯೇಟರ್‌ಗೆ ಹಾಕುವ ಲೀಕ್ ಪುಡಿ ಸಾಕಾಗಲ್ವಾ?

ಬೆಂಕಿ ಉರಿಯುವ ಕಡೆಯ ಬಿರುಕಿಗೆ ಯಾವ ಅಂಟೂ ನಿಲ್ಲುವುದಿಲ್ಲ. ರೇಡಿಯೇಟರ್‌ಗೆ ಸುರಿಯುವ ದ್ರಾವಣ ಬಿರುಕು ಮುಚ್ಚುವಾಗಲೇ ರೇಡಿಯೇಟರ್ ಟ್ಯೂಬ್, ಹೀಟರ್ ಕೋರ್ ಎಲ್ಲವನ್ನೂ ಮುಚ್ಚುತ್ತಾ ಬರುತ್ತದೆ. ನಡುದಾರಿಯಲ್ಲಿ ಸಿಕ್ಕಿಕೊಂಡು ಊರು ಸೇರಬೇಕಾಗಿದ್ದರೆ ಹಾಕಿಕೊಳ್ಳಿ. ಇಂಜಿನ್ ಬಿಚ್ಚಿ ಕೂತಿರುವಾಗ ಅದರ ಮಾತೇ ಬೇಡ.

ವೆಲ್ಡ್ ಆಯಿತು. ಇನ್ನು ಕೂರಿಸಬಹುದಾ?

ಇನ್ನೂ ಅರ್ಧ ಕೆಲಸ ಇದೆ. ಮೊದಲು ಮತ್ತೆ ಪ್ರೆಶರ್ ಟೆಸ್ಟ್. ಕೆಲಸ ಕಲಿತ ಹೊಸದರಲ್ಲಿ ಒಂದು ಹೆಡ್ಡಿಗೆ ನಾನು ಇದನ್ನು ಬಿಟ್ಟಿದ್ದೆ. ವೆಲ್ಡ್ ನೋಡಲು ಅಷ್ಟು ಚೆನ್ನಾಗಿತ್ತು. ಎಂಟು ದಿನಕ್ಕೆ ಗಾಡಿ ವಾಪಸ್ ಬಂತು. ಬಿರುಕು ವೆಲ್ಡಿನದ್ದಲ್ಲ, ಪಕ್ಕದ ಸಿಲಿಂಡರ್‌ನಲ್ಲಿ ಎರಡನೆಯದೊಂದು ಇತ್ತು. ಆ ಗಾಡಿ ತರಕಾರಿ ಸಾಗಿಸುವವರದ್ದು, ಅವರ ದಿನದ ದುಡಿಮೆ ಅದರಲ್ಲೇ ಇತ್ತು. ಅವತ್ತಿನಿಂದ ಎರಡನೇ ಟೆಸ್ಟ್ ಇಲ್ಲದೆ ಒಂದು ಹೆಡ್ ಕೂಡ ಕೊಟ್ಟಿಲ್ಲ.

ಆಮೇಲೆ ಸೀಟ್. ಹೆಡ್ ಬಿಸಿ ಮಾಡಿ, ಹೊಸ ಸೀಟ್ ತಣ್ಣಗೆ ಮಾಡಿ ಬಿಗಿಯಾಗಿ ಕೂರಿಸುತ್ತಾರೆ. ವಾಲ್ವ್ ಕಡ್ಡಿ ಓಡಾಡುವ ಗೈಡ್ ನೋಡಬೇಕು, ಸೀಟ್ ಕಟ್ ಮಾಡಬೇಕು, ವಾಲ್ವನ್ನು ಸೀಟಿಗೆ ಉಜ್ಜಿ ಹೊಂದಿಸುವ ಲ್ಯಾಪಿಂಗ್ ಮಾಡಬೇಕು. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲೇ ಇರುವ ಇಂಜಿನ್ ಆದರೆ ಕ್ಯಾಮ್ ಕೂರಿಸಿ ಅದನ್ನು ಹಿಡಿಯುವ ಕ್ಯಾಪ್ ಟೈಟ್ ಮಾಡಿ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗದಿದ್ದರೆ ಹೆಡ್ ಬೆಂಡ್ ಇದೆ. ಕೆಳಗಿನ ಮುಖ ಮಾತ್ರ ಫೇಸಿಂಗ್ ಮಾಡಿದರೆ, ಅಂದರೆ ಮೆಷಿನ್‌ನಲ್ಲಿ ಹೆರೆದರೆ, ಕೆಳಗೆ ಸಮ ಆಗುತ್ತದೆ, ಮೇಲಿನ ಕ್ಯಾಮ್ ಸಾಲು ಬಾಗಿದಂತೆಯೇ ಉಳಿಯುತ್ತದೆ. ಅಂಥದ್ದನ್ನು ಮೊದಲು ದಪ್ಪ ಪ್ಲೇಟಿಗೆ ಬಿಗಿದು, ಓವನ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಬೇಕು, ಆಮೇಲೆ ಫೇಸಿಂಗ್.

ಫೇಸಿಂಗ್ ಎಷ್ಟು ತೆಗೆಯಬಹುದು?

ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸ್ಟ್ರೈಟ್ ಎಡ್ಜ್ (ನೆಟ್ಟನೆಯ ಪಟ್ಟಿ) ಇಟ್ಟು, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎಷ್ಟೋ ಕಾರುಗಳಿಗೆ ಬೆಂಡ್‌ನ ಮಿತಿ 0.05ರಿಂದ 0.1 ಮಿ.ಮೀ. ಒಳಗೇ ಇರುತ್ತದೆ. ಹೆಡ್ಡಿನ ಕನಿಷ್ಠ ದಪ್ಪ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದಕ್ಕಿಂತ ಕೆಳಗೆ ಹೋಗಬಾರದು. ಜಾಸ್ತಿ ತೆಗೆದರೆ ಕಂಪ್ರೆಷನ್ ಏರುತ್ತದೆ, ಡೀಸೆಲ್‌ನಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗುವ ಅಪಾಯ ಇದೆ. ಕೈಯಲ್ಲಿ ಹಿಡಿಯುವ ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಮುಖ ಉಜ್ಜುವುದನ್ನು ನೋಡಿದರೆ ತಡೆಯಿರಿ. ಅದು ಅಲ್ಲಲ್ಲಿ ಗುಂಡಿ ಮಾಡುತ್ತದೆ. ಅದರ ಪುಡಿ ಆಯಿಲ್ ದಾರಿಗೆ ಸೇರಿದರೆ ಬೇರಿಂಗ್ ಹೋಗುತ್ತದೆ.

ಶಿವಾಜಿನಗರ ಗುಜರಿಯಿಂದ ಹಳೆ ಹೆಡ್ ತಂದರೆ ಸುಲಭ ಅಲ್ವಾ?

ಕೆಲವು ಸಲ ಅದೇ ಸರಿ, ಹೊಸ ಹೆಡ್ ಸಿಗದ ಹಳೆ ಗಾಡಿಗಳಿಗೆ ಮುಖ್ಯವಾಗಿ. ಆದರೆ ಆ ಗಾಡಿ ಯಾಕೆ ಗುಜರಿಗೆ ಬಂತು ಅಂತ ನಿಮಗೆ ಗೊತ್ತಿಲ್ಲ. ಅದೂ ಹೀಟ್ ಆಗಿಯೇ ಬಂದಿರಬಹುದು. "ಟೆಸ್ಟ್‌ನಲ್ಲಿ ಫೇಲ್ ಆದರೆ ವಾಪಸ್" ಅಂತ ಮೊದಲೇ ಮಾತಾಡಿಕೊಳ್ಳಿ. ಹೆಡ್ ಮೇಲೆ ಎರಕದಲ್ಲೇ ಮೂಡಿರುವ ಕಾಸ್ಟಿಂಗ್ ನಂಬರ್ ಹೊಂದಿಸಿ ನೋಡಿ, ದಪ್ಪ ಅಳೆಯಿರಿ. ಕ್ಯಾಮ್ ಕ್ಯಾಪ್‌ಗಳು ಅದೇ ಹೆಡ್ಡಿನವೇ ಇರಬೇಕು. ಹೆಡ್ ಮತ್ತು ಕ್ಯಾಪ್ ಸೇರಿಸಿಯೇ ಬೋರ್ ಮಾಡಿರುತ್ತಾರೆ, ಇನ್ನೊಂದರ ಕ್ಯಾಪ್ ಇದಕ್ಕೆ ಆಗುವುದಿಲ್ಲ.

ಯಾವ ಹೆಡ್ಡನ್ನು ಕೈಬಿಡಬೇಕು?

ಕ್ಯಾಮ್ ಬೇರಿಂಗ್ ಜಾಗದವರೆಗೆ ಬಿರುಕು ಹೋಗಿದ್ದರೆ, ಒಂದಲ್ಲ ಮೂರು ಸಿಲಿಂಡರ್‌ನಲ್ಲೂ ಗೆರೆ ಇದ್ದರೆ, ಹಿಂದೆಯೇ ವೆಲ್ಡ್ ಆಗಿ ಅದೇ ಜಾಗ ಮತ್ತೆ ಒಡೆದಿದ್ದರೆ, ದಪ್ಪ ಮಿತಿಗಿಂತ ಕಡಿಮೆ ಇದ್ದರೆ. ಇನ್ನೊಂದು, ಅಲ್ಯೂಮಿನಿಯಂ ವಿಪರೀತ ಕಾದರೆ ಮೆತ್ತಗಾಗುತ್ತದೆ. ಬೋಲ್ಟ್ ವಾಷರ್ ಕೂರುವ ಜಾಗ ಒಳಗೆ ಕುಸಿದಿದ್ದರೆ ಅನುಮಾನ ಪಡಿ, ಹಾರ್ಡ್‌ನೆಸ್ ಚೆಕ್ ಮಾಡಿಸಿ. ಮೆತ್ತಗಾದ ಹೆಡ್ಡಿಗೆ ಎಷ್ಟು ಟಾರ್ಕ್ ಕೊಟ್ಟು ಬೋಲ್ಟ್ ಬಿಗಿದರೂ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ಇಂಥದ್ದಕ್ಕೆ ದುಡ್ಡು ಸುರಿಸಿಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ, ಬೇಡ ಅಂತಲೇ ಹೇಳಿ ಕಳಿಸುತ್ತೇವೆ.

ಎಷ್ಟಾಗುತ್ತೆ?

ಹೆಡ್ ನೋಡದೆ ಫೋನಿನಲ್ಲಿ ಹೇಳಿದ ರೇಟನ್ನು ನಂಬಬೇಡಿ. ಬಿಲ್ಲಿನಲ್ಲಿ ಟೆಸ್ಟ್, ವೆಲ್ಡಿಂಗ್, ಸೀಟ್, ಗೈಡ್, ಫೇಸಿಂಗ್ ಬೇರೆ ಬೇರೆ ಬರೆಸಿ. ಜೊತೆಗೆ ಗ್ಯಾಸ್ಕೆಟ್ ಸೆಟ್, ಹೊಸ ಬೋಲ್ಟ್, ಆಯಿಲ್, ಕೂಲಂಟ್ ಲೆಕ್ಕ ಹಾಕಿ. ಹೊಸ ಹೆಡ್ಡಿನ ಬೆಲೆಯ ಪಕ್ಕ ಇಟ್ಟು ನೋಡಿ. ಅರ್ಧ ದಾಟಿದರೆ ನಾನಾದರೆ ಹೊಸದನ್ನೇ ಹಾಕುತ್ತೇನೆ.

ಕೂರಿಸುವಾಗ ಯಾವ ತಪ್ಪು ಜಾಸ್ತಿ ಆಗುತ್ತದೆ?

ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ಉಳಿಯುವುದು. ತಳ ಮುಚ್ಚಿದ ತೂತಿನಲ್ಲಿ ನೀರಿದ್ದರೆ ಬೋಲ್ಟ್ ಇಳಿಯುವಾಗ ಆ ನೀರಿಗೆ ಹೋಗಲು ಜಾಗ ಇಲ್ಲ. ಟಾರ್ಕ್ ವ್ರೆಂಚ್ ಕ್ಲಿಕ್ ಅನ್ನುತ್ತದೆ, ಬೋಲ್ಟ್ ಮಾತ್ರ ಬಿಗಿಯಾಗಿರುವುದಿಲ್ಲ. ಕೆಟ್ಟ ಪಕ್ಷದಲ್ಲಿ ಬ್ಲಾಕೇ ಸೀಳುತ್ತದೆ. ಪ್ರತಿ ತೂತಿಗೂ ಗಾಳಿ ಹೊಡೆದು, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒಣಗಿದೆಯಾ ನೋಡಿ.

ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಮ್ಯಾನ್ಯುಯಲ್ ಹೇಳಿದ್ದರೆ ಆ ಬೋಲ್ಟುಗಳು ಬಹುಮಟ್ಟಿಗೆ ಒಂದೇ ಸಲ ಬಳಸುವಂಥವು. ಒಮ್ಮೆ ಹಿಗ್ಗಿದ್ದು ಮತ್ತೆ ಅದೇ ಹಿಡಿತ ಕೊಡುವುದಿಲ್ಲ, ಹೊಸದು ತನ್ನಿ. ಟೈಟ್ ಮಾಡುವುದು ನಡುವಿನಿಂದ ಹೊರಕ್ಕೆ. ಡೀಸೆಲ್ ಗ್ಯಾಸ್ಕೆಟ್ ದಪ್ಪದಲ್ಲಿ ಎರಡು ಮೂರು ತರ ಬರುತ್ತದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು. ಅಂಚಿನಲ್ಲಿರುವ ಸಣ್ಣ ತೂತು ಅಥವಾ ಕಚ್ಚುಗಳ ಲೆಕ್ಕವೇ ಅದರ ಗುರುತು.

ಥರ್ಮೋಸ್ಟಾಟ್ ತೆಗೆದುಹಾಕಿ ಅಂತಾರೆ. ತೆಗೆಯಲಾ?

ತೆಗೆಯಬೇಡಿ. ಹೊಸದು ಹಾಕಿ. 82-88 ಡಿಗ್ರಿ ಹತ್ತಿರ ತೆರೆಯುವ ಈ ಸಣ್ಣ ವಾಲ್ವ್ ಇಂಜಿನ್ನನ್ನು ಒಂದೇ ಹದದಲ್ಲಿ ಇಡುತ್ತದೆ. ತೆಗೆದರೆ ಇಂಜಿನ್ ಹೊತ್ತಿಗೆ ಸರಿಯಾಗಿ ಬಿಸಿ ಆಗುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಕೆಲವು ಇಂಜಿನ್‌ನಲ್ಲಿ ನೀರು ರೇಡಿಯೇಟರ್‌ಗೆ ಪೂರ್ತಿ ಹೋಗದೆ ಬೈಪಾಸ್‌ನಲ್ಲೇ ಸುತ್ತಿ ಮತ್ತೆ ಹೀಟ್ ಆಗುತ್ತದೆ.

ಒಂದು ಟೆಂಪೊ ಹೆಡ್ ಬೇರೆ ಕಡೆ ಮೂರು ಸಲ ವೆಲ್ಡ್ ಆಗಿ ನಮ್ಮಲ್ಲಿಗೆ ಬಂತು. ಪಾಪ, ಮಾಲೀಕರು ಪ್ರತಿ ಸಲ ವೆಲ್ಡರ್‌ನನ್ನೇ ಬೈದಿದ್ದರು. ನಾವು ರೇಡಿಯೇಟರ್ ತರಿಸಿ ನೋಡಿದೆವು. ಕೆಳಗಿನ ಅರ್ಧ ಟ್ಯೂಬ್ ಕೆಸರಿನಿಂದ ಕಟ್ಟಿತ್ತು. ಮೂರು ಸಲವೂ ಅದನ್ನು ಯಾರೂ ಮುಟ್ಟಿರಲಿಲ್ಲ. ಹೆಡ್ ಇಳಿದಿರುವಾಗಲೇ ರೇಡಿಯೇಟರ್ ಸರ್ವಿಸ್, ಕ್ಯಾಪ್, ಹೋಸ್, ವಾಟರ್ ಪಂಪ್, ಫ್ಯಾನ್ ಮತ್ತು ಅದರ ಸ್ವಿಚ್ ಎಲ್ಲ ನೋಡಿಸಿ.

ಮೊದಲ ಸ್ಟಾರ್ಟ್ ಹೇಗೆ?

ಹೀಟರ್ ಆನ್ ಇಟ್ಟು, ಕೂಲಂಟ್ ನಿಧಾನ ತುಂಬಿ, ಒಳಗಿನ ಗಾಳಿ ಪೂರ್ತಿ ಹೊರಹಾಕಿ. ಗಾಳಿ ಗುಳ್ಳೆ ಹೆಡ್ ಒಳಗೆ ನಿಂತರೆ ಅಲ್ಲಿ ನೀರಿಲ್ಲದ ಜಾಗ ಸುಡುತ್ತದೆ. ಫ್ಯಾನ್ ತಾನಾಗಿ ಆನ್ ಆಗುವವರೆಗೆ ಪಕ್ಕದಲ್ಲೇ ನಿಂತಿರಿ. ಆರಿದ ಮೇಲೆ ಮಟ್ಟ ನೋಡಿ ತುಂಬಿ. ಮೊದಲ ವಾರ ದಿನಾ ಬೆಳಿಗ್ಗೆ ನೋಡಿ. ಬೋಲ್ಟ್ ಮತ್ತೆ ಟೈಟ್ ಮಾಡಬೇಕಾ ಅನ್ನುವುದು ಗ್ಯಾಸ್ಕೆಟ್ ಮೇಲೆ ಹೋಗುತ್ತದೆ. ಸ್ಟೀಲ್ ಪದರದ್ದಕ್ಕೆ ಸಾಮಾನ್ಯವಾಗಿ ಬೇಡ, ಮ್ಯಾನ್ಯುಯಲ್ ಹೇಳಿದರೆ ಮಾತ್ರ ಮಾಡಿ.

ನಾಳೆ ಹೆಡ್ ತರುತ್ತೇನೆ. ಜೊತೆಗೆ ಏನು ತರಲಿ?

ಕ್ಯಾಮ್, ಕ್ಯಾಪ್, ವಾಲ್ವ್ ಎಲ್ಲ ತನ್ನಿ, ಯಾವುದು ಎಲ್ಲಿಯದು ಅಂತ ಗುರುತು ಹಾಕಿ. ಹಳೆ ಬೋಲ್ಟ್ ಒಂದೆರಡು ಇರಲಿ. ಹಳೆ ಗ್ಯಾಸ್ಕೆಟ್ ಮರೆಯಬೇಡಿ. ಎಲ್ಲಿ ಕಪ್ಪಾಗಿದೆ, ಎಲ್ಲಿ ತುಕ್ಕು ಹಿಡಿದಿದೆ, ಯಾವ ಸಿಲಿಂಡರ್ ಪಕ್ಕ ಮಾತ್ರ ತೊಳೆದ ಹಾಗೆ ಹೊಳೆಯುತ್ತಿದೆ ಅಂತ ನೋಡಿದರೆ ಟೆಸ್ಟ್ ಮಾಡುವ ಮೊದಲೇ ನಮಗೆ ಅರ್ಧ ವಿಷಯ ತಿಳಿಯುತ್ತದೆ. ಅದನ್ನು ಒರೆಸಬೇಡಿ, ಪೆಟ್ರೋಲ್ ಹಾಕಿ ತೊಳೆಯಬೇಡಿ, ಮಡಚಬೇಡಿ. ಹೇಗೆ ಬಂತೋ ಹಾಗೇ ಪೇಪರಲ್ಲಿ ಸುತ್ತಿ ತನ್ನಿ.